ಟೆಸ್ಟ್ ಅನ್ನೋ ಪದ: ಸಾಕ್ಷಿಯಿಂದ ಬಂತೋ, ಗಡಗಿಯಿಂದ ಬಂತೋ?

ತೊಗರಿಕಣಜ, ಕಲಬುರಗಿ:
ಹೈಸ್ಕೂಲ್ ಹುಡುಗರಿಗೆ ಪದಮೂಲ ಹೇಳೋದದ. ‘ಟೆಸ್ಟ್’ಗೆ ಮೂಲ ಲ್ಯಾಟಿನ್ನಿನ ‘ಟೆಸ್ಟಿಸ್’, ಅಂದ್ರ ಸಾಕ್ಷಿ, ಅಂತ ಒಬ್ಬರು. ‘ಟೆಸ್ಟುಮ್’, ಅಂದ್ರ ಮಣ್ಣಿನ ಗಡಗಿ, ಅಂತ ಇನ್ನೊಬ್ಬರು. ಗಡಗಿಗೂ ಪರೀಕ್ಷೆಗೂ ಏನ್ ಸಂಬಂಧ ರೀ?

ಪತ್ತಾರಗಲ್ಲಿ:
ಗಡಗೀನೇ ಖರೆ. 14ನೇ ಶತಮಾನದ ಕೊನೀಗೆ ಹಳೇ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಟೆಸ್ಟ್ ಅಂದ್ರ ಬಂಗಾರ-ಬೆಳ್ಳಿ ಪರೀಕ್ಷೆ ಮಾಡೋ ಬಟ್ಟಲು, ಅಷ್ಟೇ. ಸುಮಾರು 200 ವರ್ಷ ಆದಮ್ಯಾಲೆ ಬಟ್ಟಲದ ಹೆಸರು ಕೆಲಸಕ್ಕೆ ಅಂಟಿಕೊಂತು. ನಾವು ಮನಷ್ಯಾರಿಗೂ ‘ಪುಟಕ್ಕಿಟ್ಟ ಚಿನ್ನ’ ಅಂತೀವಲ್ಲ, ಹಂಗ.

ಆ ಬಟ್ಟಲದ ಕೆಲಸ ಇಂದಿಗೂ ನಡೀತದ. ಎಲುಬಿನ ಬೂದಿ ಒತ್ತಿ ಮಾಡಿದ ಬಟ್ಟಲು ಮೊದಲು ಭಟ್ಟಿಯೊಳಗ ಚಲೋತ್ನಂಗ ಕಾಯಬೇಕು; ಹಸಿ ಉಳಿದ್ರ ಸೀಸ ಸಿಡೀತದ. ತೂಕ ಮಾಡಿದ ಬಂಗಾರದ ಚೂರಿಗೆ ಅದರ ಎರಡೂವರೆ ಪಟ್ಟು ಬೆಳ್ಳಿ ಸೇರಿಸಿ, ಸೀಸದ ಹಾಳೆಯಾಗ ಸುತ್ತಿ ಇಡ್ತಾರ. ತಾಮ್ರ ಹೆಚ್ಚಿದ್ದಷ್ಟು ಸೀಸ ಹೆಚ್ಚು ಬೇಕು. ಗಾಳಿಗೆ ಸೀಸ ಆಕ್ಸೈಡ್ ಆಗಿ, ತಾಮ್ರನೂ ಎಳಕೊಂಡು ಬೂದಿಯೊಳಗ ಇಂಗ್ತದ. ಬಟ್ಟಲು ಹೆಚ್ಚೂಕಡಿಮಿ ತನ್ನ ತೂಕದಷ್ಟೇ ಸೀಸ ಕುಡೀತದ, ಅದಕ್ಕ ಬಟ್ಟಲ ಸಣ್ಣದಿದ್ರ ನಡಿಯಂಗಿಲ್ಲ. ಸೀಸದ ಆಕ್ಸೈಡ್ ಕರಗೋದು 888 ಡಿಗ್ರಿಗೆ. ಕಾವು ಇಳಿದ್ರ ಮ್ಯಾಲೆ ಹೆಪ್ಪುಗಟ್ಟಿ ಕೆಲಸ ನಿಂತುಬಿಡ್ತದ. ಏರಿದ್ರ ಬೆಳ್ಳಿ ಹಾಳು. ಕೊನೀಗೆ ಉಳಿದ ಗುಂಡು ತಟ್ಟಿ ತೆಳ್ಳಗ ಮಾಡಿ ನೈಟ್ರಿಕ್ ಆಸಿಡ್‌ನಾಗ ಕುದಿಸಿದ್ರ ಬೆಳ್ಳಿ ಕರಗಿ ಬಂಗಾರ ಉಳೀತದ. ಬೆಳ್ಳಿ ಕಡಿಮಿ ಹಾಕಿದ್ರ ಆಸಿಡ್ ಒಳಗ ಇಳಿಯಂಗಿಲ್ಲ. ಅತೀ ಆದ್ರ ಬಂಗಾರ ಪುಡಿಪುಡಿ ಆಗಿ ತೊಳಿವಾಗ ಹೋಗ್ತದ.

ಶಹಾಬಾದ್‌ಕಲ್ಲು:
ಟೆಸ್ಟಿಸ್ ಬ್ಯಾರೆ ಪದ. ಇಬ್ಬರ ನಡುವ ನಿಂತ ‘ಮೂರನೇಯವ’ ಅಂತ ಅದರ ಮೂಲ ಹೇಳ್ತಾರ; ಟೆಸ್ಟಿಮನಿ, ಟೆಸ್ಟಮೆಂಟ್ ಆ ಕಡಿಯವು. ಗಡಗಿ ಮನಿತನದ ‘ಟೆಸ್ತಾ’ದಿಂದ ಫ್ರೆಂಚಿನಾಗ ತಲೀಗೆ ‘ತೆತ್’ ಆಗ್ಯದ. ನಗಬ್ಯಾಡ್ರಿ, ನಮ್ಮಲ್ಲೂ ಸೋರೆಬುರುಡೆ, ತಲೆಬುರುಡೆ ಎರಡೂ ಬುರುಡೇನೇ.

ತೊಗರಿಕಣಜ:
ಹಂಗಾದ್ರ ಎಕ್ಸಾಮ್?

ಶಹಾಬಾದ್‌ಕಲ್ಲು:
ಅದು ತೂಕದ ಕಟ್ಟಿಯಿಂದ. ಲ್ಯಾಟಿನ್ ‘ಎಕ್ಸಾಮೆನ್’ ಅಂದ್ರ ತಕ್ಕಡಿ ಮುಳ್ಳು. ಹೊರಗ ಅಟ್ಟು, ತೂಗು ಅನ್ನೋ ಅರ್ಥದ ‘ಎಕ್ಸಿಗೆರೆ’ ಅದರ ಧಾತು. ಗೂಡು ಬಿಟ್ಟು ಹೊಂಟ ಜೇನಿನ ಹಿಂಡಿಗೂ ಅದೇ ಹೆಸರು.

ಪತ್ತಾರಗಲ್ಲಿ:
ಹುಡುಗರಿಗೆ ತೋರಿಸಬೇಕಂದ್ರ ಕಸೋಟಿ, ಅಂದ್ರ ಒರೆಗಲ್ಲು, ಸಾಕು. ಒಡವಿ ತಿಕ್ಕಿದ ಗೆರಿ ಬಾಜೂಕ ಗೊತ್ತಿದ್ದ ಕ್ಯಾರೆಟ್ಟಿನ ಗೆರಿ ಎಳೀರಿ, ಬಣ್ಣ ಹೋಲಿಸ್ರಿ. ಆಸಿಡ್ ಹುಡುಗರ ಕೈಗೆ ಕೊಡಬ್ಯಾಡ್ರಿ. ಮುಲಾಮಿನ, ಅಂದ್ರ ಮ್ಯಾಲಷ್ಟೇ ಬಂಗಾರ ಹಚ್ಚಿದ, ಒಡವಿ ಕಲ್ಲಿಗೂ ಮೋಸ ಮಾಡ್ತದ, ಒಂದೇ ಜಾಗಾದಾಗ ನಾಕ್ ಸಲ ತಿಕ್ಕಿ ನೋಡ್ರಿ.