ಮುರಕಲ್ಲಿನ ಮನೆಗೆ ಮೆಶ್ ವೈಫೈ: ಹಾಕಿಸಿದವರು ಅನುಭವ ಹೇಳಿ

ಮುರಕಲ್ಲಿನ ಮನೆ, ಪುತ್ತೂರು:
ನಮ್ಮದು ಅಜ್ಜನ ಕಾಲದ ಮನೆ. ಮುರಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಮೇಲೆ ಈಚೆಗೆ ತಾರಸಿ ಹಾಕಿ ಎರಡು ಕೋಣೆ ಕಟ್ಟಿಸಿದ್ದೇವೆ. ಫೈಬರ್ ಪೆಟ್ಟಿಗೆ ಚಾವಡಿಯಲ್ಲಿದೆ, 100 ಎಂಬಿಪಿಎಸ್ ಸಂಪರ್ಕ. ಚಾವಡಿಯಲ್ಲಿ 90ಕ್ಕೆ ಮೇಲೆ ಬರುತ್ತದೆ, ಅಡುಗೆಮನೆಯಲ್ಲಿ 8, ಮೇಲಿನ ಕೋಣೆಯಲ್ಲಿ ವಾಟ್ಸಾಪ್ ಕರೆಯೂ ನಿಲ್ಲುವುದಿಲ್ಲ. ಮಗಳು ಅಲ್ಲಿ ಕುಳಿತೇ ಕಂಪನಿ ಕೆಲಸ ಮಾಡಬೇಕು. ಅಂಗಳದಾಚೆ 40 ಮೀಟರ್ ದೂರದ ಅಡಿಕೆ ಶೆಡ್ಡಿನ ಕ್ಯಾಮೆರಾಕ್ಕೂ ಸಂಪರ್ಕ ಬೇಕು. ಒಂದರಿಂದೊಂದಕ್ಕೆ ವೈಫೈ ದಾಟಿಸಿ ಮನೆಯಿಡೀ ಹಂಚುವ ಮೂರು ಪೆಟ್ಟಿಗೆಗಳ ಮೆಶ್ ಸೆಟ್ಟಿಗೆ ಅಂಗಡಿಯವರು 11,500 ರೂಪಾಯಿ ಹೇಳಿದ್ದಾರೆ, ತಂತಿಯೇ ಬೇಡವಂತೆ. ನಂಬಬಹುದೇ? ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ಗೋದಾಮು, ಸಾಗರ:
ಶೆಡ್ಡಿಗೆ ಮಾತ್ರ ತಾಮ್ರದ ಲ್ಯಾನ್ ತಂತಿ ಎಳೆಯಬೇಡಿ. ಬೇರೆ ಏನನ್ನಾದರೂ ಮಾಡಿ, ಇದನ್ನು ಮಾಡಬೇಡಿ. ನಮ್ಮ ಮನೆಯಿಂದ ಗೋದಾಮಿಗೆ ಕ್ಯಾಟ್ 6 ತಂತಿಯನ್ನು ಪಿವಿಸಿ ಪೈಪಿನಲ್ಲಿ ಹಾಕಿ ನೆಲದಡಿ ಹೂಳಿಸಿದ್ದೆ. ತಂತಿ 2,100, ಪೈಪು 1,850, ಕಾಲುವೆ ತೋಡಿದ ಇಬ್ಬರಿಗೆ ಕೂಲಿ 1,600. ಏಪ್ರಿಲ್ ಕೊನೆಯ ಮಳೆಗೆ ಹಿತ್ತಲಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮನೆಗಲ್ಲ, ಮರಕ್ಕೆ. ಅಷ್ಟಕ್ಕೇ ಚಾವಡಿಯ ಮೆಶ್ ಪೆಟ್ಟಿಗೆ, ಗೋದಾಮಿನ ಮೆಶ್ ಪೆಟ್ಟಿಗೆ, ಲ್ಯಾನ್ ತಂತಿಗಳನ್ನು ಕೂಡಿಸುವ ಎಂಟು ಕಿಂಡಿಯ ನೆಟ್‌ವರ್ಕ್ ಸ್ವಿಚ್, ಕ್ಯಾಮೆರಾದ ರೆಕಾರ್ಡರ್, ಟಿವಿಯ ಲ್ಯಾನ್ ಕಿಂಡಿ ಎಲ್ಲವೂ ಹೋದವು. ರೆಕಾರ್ಡರಿನ ಕಿಂಡಿಗೆ ಟಾರ್ಚ್ ಬಿಟ್ಟು ನೋಡಿದರೆ ಎಂಟು ಚಿನ್ನದ ಬಣ್ಣದ ಕಡ್ಡಿಗಳಲ್ಲಿ ಮೂರು ಕರಕಲಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಟ್ಟು 23,400 ರೂಪಾಯಿ ನಷ್ಟ. ವಾರಂಟಿ ಕೇಳಿದರೆ ಸಿಡಿಲು ಅದರಲ್ಲಿ ಬರುವುದಿಲ್ಲ ಎಂದರು.

ಈಗ ಅದೇ ಪೈಪಿನಲ್ಲಿ ಫೈಬರ್ ಹಾಕಿದ್ದೇನೆ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಂಕೇತಕ್ಕೆ, ಅದನ್ನು ಮತ್ತೆ ಬೆಳಕಿಗೆ ಬದಲಿಸುವ ಪೆಟ್ಟಿಗೆ), ಜೋಡಿಗೆ 1,900. ಒಂದೇ ಎಳೆಯಲ್ಲಿ ಹೋಗಿ ಬರುವಂಥದ್ದಾದರೆ ಒಂದು ತುದಿಗೆ ‘ಎ’, ಇನ್ನೊಂದಕ್ಕೆ ‘ಬಿ’ ಎಂದೇ ತೆಗೆದುಕೊಳ್ಳಬೇಕು. ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ‘ಎ’ ಆದರೆ ದೀಪವೇ ಹತ್ತುವುದಿಲ್ಲ. ಇನ್ನೊಂದು ವಿಷಯ: ಅಗ್ಗದ ಫೈಬರಿನ ಪಕ್ಕದಲ್ಲಿ ಬಿಗಿತಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದು ಮನೆಯೊಳಗೆ ಬರಬಾರದು. ಹೊರಗೋಡೆಯಲ್ಲೇ ಸುಲಿದು ಕತ್ತರಿಸಿ.

ರಾಜಾಜಿನಗರ, ಎರಡನೇ ಮಹಡಿ:
ಸಿಡಿಲಿನ ಕಥೆ ಹೇಳಿ ಜನರನ್ನು ಹೆದರಿಸುವುದು ಬೇಡ. ನನ್ನದು 30x40 ನಿವೇಶನದ ಮೂರು ಅಂತಸ್ತಿನ ಆರ್‌ಸಿಸಿ ಮನೆ. ಒಂದು ಮೊಳೆಯನ್ನೂ ಹೊಡೆಯದೆ, ಒಂದು ಗಜ ತಂತಿಯನ್ನೂ ಎಳೆಯದೆ ಇಡೀ ಮನೆಗೆ ಸಂಪರ್ಕ ಕೊಟ್ಟಿದ್ದೇನೆ. ಮೂರು ಪೆಟ್ಟಿಗೆಗಳ ಸೆಟ್ಟು, ಆದರೆ ಟ್ರೈಬ್ಯಾಂಡ್. 24,200 ರೂಪಾಯಿ ಕೊಟ್ಟೆ. ಪೆಟ್ಟಿಗೆಗಳು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವುದಕ್ಕೆ ಬೇರೆಯದೇ ರೇಡಿಯೊ ಇರುತ್ತದೆ. 11,500ರ ಡ್ಯುಯಲ್‌ಬ್ಯಾಂಡ್ ಸೆಟ್ಟಿನಲ್ಲಿ ಅದು ಇರುವುದಿಲ್ಲ. ಅಲ್ಲಿ ಒಂದೇ ರೇಡಿಯೊ ಅತ್ತ ಕೇಳಿಸಿಕೊಂಡು ಇತ್ತ ಹೇಳಬೇಕು, ಹಾಗಾಗಿ ಒಂದು ಪೆಟ್ಟಿಗೆ ದಾಟುವಷ್ಟರಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ.

ಎಲ್ಲ ಇರುವುದು ಪೆಟ್ಟಿಗೆ ಇಡುವ ಜಾಗದಲ್ಲಿ. ಸೇವಾದಾರರ ಹುಡುಗ ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಬಾರದ ಕೋಣೆಯಲ್ಲೇ ಇಡಲು ಹೊರಟಿದ್ದ. ಬಾರದ ಸಿಗ್ನಲನ್ನು ಅದು ಎಲ್ಲಿಂದ ತಂದು ಹಂಚೀತು? ಸಿಗ್ನಲ್ ಚೆನ್ನಾಗಿರುವ ಕಡೆಯ ಅಂಚಿನಲ್ಲಿ, ನಡುದಾರಿಯಲ್ಲಿ ಇಡಬೇಕು. ತಾರಸಿಯ ಕಬ್ಬಿಣದ ಸರಳುಗಳು ಅಲೆಯನ್ನು ತಡೆಯುತ್ತವೆ, ಮೆಟ್ಟಿಲು ಏರುವ ಜಾಗ ತೆರೆದಿರುತ್ತದೆ. ಹಾಗಾಗಿ ಮೂರನ್ನೂ ಮೆಟ್ಟಿಲಿನ ಪಕ್ಕದಲ್ಲೇ ಒಂದರ ಮೇಲೊಂದು ಬರುವಂತೆ ಇಟ್ಟಿದ್ದೇನೆ. ನಿಲುವುಗನ್ನಡಿ, ಫ್ರಿಜ್, ಗಾಡ್ರೆಜ್ ಬೀರು, ನೀರಿನ ಡ್ರಮ್ ಇವು ನಡುವೆ ಬರದಂತೆ ನೋಡಿಕೊಂಡೆ. 300 ಎಂಬಿಪಿಎಸ್ ಸಂಪರ್ಕಕ್ಕೆ ಕೆಳಗೆ 280, ಎರಡನೇ ಮಹಡಿಯಲ್ಲಿ 190.

ತಾಮ್ರದ ತಂತಿ, ಮೈಸೂರು:
300ಕ್ಕೆ ಹಣ ಕಟ್ಟಿ 190ಕ್ಕೆ ಹೆಮ್ಮೆ ಪಡುವುದು ಹೇಗೆಂದು ನನಗೆ ತಿಳಿಯುವುದಿಲ್ಲ. ತಂತಿಯಿಲ್ಲದ ಮೆಶ್ಶಿಗೆ 24,000 ಸುರಿಯುವ ಬದಲು ಆರೇಳು ಸಾವಿರದ ಎರಡು ಪೆಟ್ಟಿಗೆ ತಂದು ನಡುವೆ ತಂತಿ ಹಾಕಿದರೆ ಮೂಲೆಮೂಲೆಗೂ ಪೂರ್ತಿ ವೇಗ ಬರುತ್ತದೆ. ನನ್ನ ಮನೆಯಲ್ಲಿ ಈಗ ಹಾಗೆಯೇ ಬರುತ್ತಿದೆ.

ಈಗ ಎಂದೆ. ಮೊದಲು ಬರುತ್ತಿರಲಿಲ್ಲ. ಮನೆ ಕಟ್ಟುವಾಗ ಕಂಟ್ರಾಕ್ಟರ್ ಕ್ಯಾಟ್ 6 ಹಾಕಿದ್ದೇನೆ ಎಂದು ಮೀಟರಿಗೆ 34 ರೂಪಾಯಿಯಂತೆ 190 ಮೀಟರಿನ ಬಿಲ್ಲು ಕೊಟ್ಟ. ಗೃಹಪ್ರವೇಶವಾಗಿ ಮೆಶ್ ಜೋಡಿಸಿದರೆ ಮೇಲಿನ ಪೆಟ್ಟಿಗೆಗೆ ಸಾವಿರದ ಬದಲು ನೂರು ಎಂಬಿಪಿಎಸ್ಸೇ ಸಿಗುತ್ತಿತ್ತು, ಸಂಜೆ ಹೊತ್ತು ಅದೂ ಕಡಿದುಹೋಗುತ್ತಿತ್ತು. ಪೆಟ್ಟಿಗೆ ಕೆಟ್ಟಿದೆಯೆಂದು ಅಂಗಡಿಯವರು ಅದನ್ನು ಬದಲಿಸಿಯೂ ಕೊಟ್ಟರು. ಕೊನೆಗೆ ತಂತಿಯ ಒಂದು ಎಳೆಯನ್ನು ಸುಲಿದು ಬ್ಲೇಡಿನಿಂದ ಕೆರೆದೆ. ಮೇಲಿನ ಕೆಂಪು ಪುಡಿಯಾಗಿ ಉದುರಿತು, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿ. ಮಾರುವವರು ಇದನ್ನು ಸಿಸಿಎ ಎನ್ನುತ್ತಾರೆ. ಮೇಲೆ ಕ್ಯಾಟ್ 6 ಎಂದು ಅಚ್ಚು ಹಾಕಿದ್ದರೂ ಕ್ಯಾಟ್ 6ರ ಮಾನದಂಡ ಇದನ್ನು ಒಪ್ಪುವುದಿಲ್ಲ. ಬಗ್ಗಿಸಿದರೆ ಮುರಿಯುತ್ತದೆ, ಪಿಒಇ (ಲ್ಯಾನ್ ತಂತಿಯಲ್ಲೇ ಕರೆಂಟು) ಕೊಟ್ಟರೆ ಬಿಸಿಯಾಗುತ್ತದೆ. ಎಳೆದು ತೆಗೆಯೋಣವೆಂದರೆ ಆ ಪುಣ್ಯಾತ್ಮ ಅದನ್ನು ಕರೆಂಟಿನ ತಂತಿಯ ಪೈಪಿನಲ್ಲೇ ತುರುಕಿದ್ದ. ಹೊಸ ಪೈಪಿಗೆ ಗೋಡೆ ಕೊರೆಸಿದ್ದು 7,200, ಗಾರೆ ಮತ್ತು ಬಣ್ಣ 9,500, ಶುದ್ಧ ತಾಮ್ರದ ತಂತಿ 6,800. ಹೊಸ ಮನೆಯ ಗೋಡೆಯನ್ನು ಕೊರೆಸುವಾಗ ನನ್ನ ಹೆಂಡತಿ ಆ ದಿನ ಮನೆಯಲ್ಲಿ ನಿಲ್ಲಲಿಲ್ಲ.

ರಾಜಾಜಿನಗರ, ಎರಡನೇ ಮಹಡಿ:
ನಿಮ್ಮ ಲೆಕ್ಕವನ್ನೇ ಕೂಡಿಸಿ ನೋಡಿ ಸ್ವಾಮಿ. ಕೊರೆಸಿದ್ದು, ಗಾರೆ, ತಂತಿ ಸೇರಿ 23,500, ಅದರ ಮೇಲೆ ಕಂಟ್ರಾಕ್ಟರಿಗೆ ಕೊಟ್ಟ 6,460, ಅದರ ಮೇಲೆ ಪೆಟ್ಟಿಗೆಗಳು. ನನ್ನ 24,200ಕ್ಕೆ ಬೆರಳು ತೋರಿಸುವ ಮೊದಲು ಇದನ್ನು ನೋಡಬೇಕಿತ್ತು. ಮೇಲಾಗಿ ಎರಡನೇ ಮಹಡಿಯಲ್ಲಿ ನನ್ನ ಮಗ ಓದುತ್ತಾನೆ. ಅವನಿಗೆ 190 ಸಾಲದೇ?

ತಾಮ್ರದ ತಂತಿ, ಮೈಸೂರು:
ಮೋಸದ ಖರ್ಚನ್ನು ತಂತಿಯ ಖರ್ಚಿಗೆ ಸೇರಿಸಬೇಡಿ. ಮೊದಲೇ ಒಳ್ಳೆಯ ತಂತಿ ಹಾಕಿದ್ದರೆ ಒಂದು ರೂಪಾಯಿಯೂ ಹೆಚ್ಚಾಗುತ್ತಿರಲಿಲ್ಲ. ಜನರಿಗೆ ತಿಳಿಯಲಿ ಎಂದು ಬರೆದದ್ದನ್ನು ನನ್ನ ಮೇಲೆಯೇ ತಿರುಗಿಸುವುದು ಸರಿಯಲ್ಲ.

ಧಾರವಾಡದವನು, ಡಲ್ಲಾಸಿನಿಂದ:
ಇಲ್ಲಿ ಮೆಶ್ ಎಂದರೆ ಸಲೀಸು. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಗೋಡೆ, ಅಲೆ ಆರಾಮಾಗಿ ದಾಟುತ್ತದೆ. 249 ಡಾಲರಿನ ಸೆಟ್ಟು ಇಡೀ ಮನೆಗೆ ಸಾಕಾಯಿತು. ಅಂಥದ್ದನ್ನೇ ಊರಿಗೆ ಹೋದಾಗ ಅಪ್ಪ-ಅವ್ವನ ಮನೆಗೆ ಒಯ್ದು ಹಾಕಿದೆ. ಕಲ್ಲು ಮಣ್ಣಿನ ಗೋಡೆ, ಎರಡಡಿ ಅಗಲ. ಪಡಸಾಲೆಯಿಂದ ದೇವರಮನೆ ದಾಟುವಷ್ಟರಲ್ಲಿ ವೈಫೈಯ ವೇಗದ 5 ಗಿಗಾಹರ್ಟ್ಸ್ ಅಲೆ ಸತ್ತೇಹೋಗುತ್ತಿತ್ತು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತಿತ್ತು, ಆದರೆ ವೇಗವಿರಲಿಲ್ಲ.

ಅದಕ್ಕಿಂತ ನೋವಾದದ್ದು ಆ್ಯಪಿನಿಂದ. ಸೆಟ್ಟಿನ ಖಾತೆ ನನ್ನ ಮೊಬೈಲಿಗೆ ಅಂಟಿಕೊಂಡಿತ್ತು. ಕೆಂಪು ದೀಪ ಬಂತೆಂದು ಅವ್ವ ಬೆಳಿಗ್ಗೆ 11ಕ್ಕೆ ಫೋನು ಮಾಡಿದರೆ ಇಲ್ಲಿ ನಡುರಾತ್ರಿ. ಅಲ್ಲಿ ಯಾರ ಕೈಯಲ್ಲೂ ಏನೂ ಮಾಡಲಾಗುತ್ತಿರಲಿಲ್ಲ. ಒಂದು ಪೆಟ್ಟಿಗೆ ಕೆಟ್ಟಾಗ ಇಲ್ಲಿ ಕೊಂಡದ್ದಕ್ಕೆ ಅಲ್ಲಿ ವಾರಂಟಿ ಇಲ್ಲ ಎಂದರು. ಪುತ್ತೂರಿನವರಿಗೆ ಹೇಳುವುದಿಷ್ಟೇ: ಮನೆಯಲ್ಲಿ ಇರುವವರ ಮೊಬೈಲಿನಲ್ಲೇ ಆ್ಯಪ್ ಹಾಕಿಸಿ.

ರಾಜಾಜಿನಗರ, ಎರಡನೇ ಮಹಡಿ:
ಅದು ಮೆಶ್ಶಿನ ದೋಷವಲ್ಲ. ಹೆಚ್ಚಿನ ಸೆಟ್ಟುಗಳಲ್ಲಿ ಇನ್ನೊಬ್ಬರನ್ನು ಮೇಲ್ವಿಚಾರಕರಾಗಿ ಸೇರಿಸಬಹುದು. ಹೊರದೇಶದಿಂದ ತಂದು ಹಾಕಿ ಹೋಗಿಬಿಟ್ಟರೆ ಪೆಟ್ಟಿಗೆ ತಾನೇ ತಾನಾಗಿ ನಡೆಯುವುದಿಲ್ಲ.

ಧಾರವಾಡದವನು, ಡಲ್ಲಾಸಿನಿಂದ:
ಹಾಕಿ ಹೋಗಿಬಿಟ್ಟವನು ಎನ್ನಬೇಡಿ. ಅಪ್ಪ-ಅವ್ವನ ಮುಖ ದಿನಾ ನೋಡಬೇಕೆಂದೇ ಅದನ್ನು ಹಾಕಿದ್ದು. ನಿಮಗೆ ಮಗ ಮೇಲಿನ ಮಹಡಿಯಲ್ಲಿದ್ದಾನೆ.

ಗಣಿತದ ಟೀಚರ್, ಹಾಸನ:
ಇಷ್ಟು ಬರೆದಿರಿ, ಯಾರೂ ಫೈಬರ್ ಪೆಟ್ಟಿಗೆಯ ಸ್ವಂತ ವೈಫೈ ಬಗ್ಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮೆಶ್ ಹಾಕಿದ ಮೇಲೂ ಅದನ್ನು ಯಾರೂ ಆರಿಸಲಿಲ್ಲ, ಎರಡಕ್ಕೂ ಒಂದೇ ಹೆಸರು ಬೇರೆ. ಮೊಬೈಲುಗಳು ಹಳೆಯದನ್ನೇ ಹಿಡಿದುಕೊಂಡು ಕೂರುತ್ತಿದ್ದವು. ಪಕ್ಕದಲ್ಲೇ ಮೆಶ್ ಪೆಟ್ಟಿಗೆ ಇದ್ದರೂ ನನ್ನ ಆನ್‌ಲೈನ್ ತರಗತಿಯಲ್ಲಿ ಮಕ್ಕಳಿಗೆ ನನ್ನ ಮಾತು ಕಡಿದು ಕಡಿದು ಕೇಳುತ್ತಿತ್ತು. ಅದರ ಮೇಲೆ ಫೈಬರ್ ಪೆಟ್ಟಿಗೆಯೂ ರೂಟರ್, ಮೆಶ್ಶೂ ರೂಟರ್. ಒಳಗೊಳಗೆ ಎರಡು ಜಾಲಗಳಾಗಿ, ಒಂದರಲ್ಲಿದ್ದ ಪ್ರಿಂಟರ್ ಇನ್ನೊಂದರ ಲ್ಯಾಪ್‌ಟಾಪಿಗೆ ಸಿಗುತ್ತಿರಲಿಲ್ಲ. ಮೆಶ್ಶನ್ನು ಆ್ಯಕ್ಸೆಸ್ ಪಾಯಿಂಟ್ ಕ್ರಮಕ್ಕೆ (ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಹಂಚುವಂತೆ) ಬದಲಿಸಿ, ಹಳೆಯ ವೈಫೈ ಆರಿಸಿದ ಮೇಲೆ ನೆಮ್ಮದಿ. ಅಷ್ಟು ಮಾಡಿಕೊಟ್ಟವರು 800 ರೂಪಾಯಿ ತೆಗೆದುಕೊಂಡರು, ಎರಡು ಗುಂಡಿ ಒತ್ತುವುದಕ್ಕೆ.

ಇನ್ನೊಂದು ಮಾತು. ಮಕ್ಕಳು ಮಲಗುವ ಕೋಣೆಯಲ್ಲಿ ಈ ಪೆಟ್ಟಿಗೆ ಇಡಬೇಡಿ. ನಾವು ರಾತ್ರಿ ಹತ್ತಕ್ಕೆ ಎಲ್ಲವನ್ನೂ ಆರಿಸುತ್ತೇವೆ.

ಗೋದಾಮು, ಸಾಗರ:
ಆರಿಸಿದರೆ ಕ್ಯಾಮೆರಾ ಯಾವುದಕ್ಕೆ? ಒಣಗಿದ ಅಡಿಕೆ ಕಳುವಾಗುವುದು ರಾತ್ರಿಯೇ. ಟೀಚರ್ ಆಗಿ ವಿಕಿರಣದ ಭಯ ಹರಡಬೇಡಿ ಮೇಡಂ. ಕಿವಿಗೆ ಒತ್ತಿಕೊಂಡ ಮೊಬೈಲಿನ ಮುಂದೆ ಹತ್ತಡಿ ಆಚೆಯ ವೈಫೈ ಎಷ್ಟರದು?

ಗಣಿತದ ಟೀಚರ್, ಹಾಸನ:
ಭಯ ಹರಡುತ್ತಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೊ ಅಲೆಗಳನ್ನು ‘ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ’ 2ಬಿ ಗುಂಪಿಗೆ ಸೇರಿಸಿತು. ಅದನ್ನು ಓದಿಯೇ ಹೇಳಿದ್ದು.

ಗೋದಾಮು, ಸಾಗರ:
ಅದೇ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಮನುಷ್ಯರಲ್ಲಿ ಸಿಕ್ಕ ಪುರಾವೆ ಸೀಮಿತವಾಗಿದ್ದರೂ ಆ ಗುಂಪಿಗೆ ಹಾಕುತ್ತಾರೆ. ದೂರ ಹೆಚ್ಚಿದಂತೆ ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಗಣಿತ ನಿಮಗೇ ಚೆನ್ನಾಗಿ ಗೊತ್ತು.

ಗಣಿತದ ಟೀಚರ್, ಹಾಸನ:
ಗೊತ್ತಿರುವುದರಿಂದಲೇ ಮಕ್ಕಳ ತಲೆಯ ಪಕ್ಕದಲ್ಲಿ ಇಡಬೇಡಿ ಎಂದೆ. ಮನೆ ನನ್ನದು, ಆರಿಸುವವಳು ನಾನು.

ಮುರಕಲ್ಲಿನ ಮನೆ, ಪುತ್ತೂರು:
ದಯವಿಟ್ಟು ಜಗಳ ಬೇಡ. ಚಾವಡಿಯಿಂದ ಮೇಲಿನ ಕೋಣೆಗೆ ಮರದ ಏಣಿಮೆಟ್ಟಿಲು ಇದೆ. ಅದರ ಪಕ್ಕದಲ್ಲಿ ತಂತಿ ಒಯ್ಯಬಹುದೇ? ಕರೆಂಟು ಹೋದಾಗ ಏನು ಮಾಡುತ್ತೀರಿ? ಮಳೆಗಾಲದಲ್ಲಿ ನಮ್ಮಲ್ಲಿ ಅದು ಇಡೀ ದಿನ ಇರುವುದಿಲ್ಲ.

ತಾಮ್ರದ ತಂತಿ, ಮೈಸೂರು:
ಒಯ್ಯಿರಿ. ಗೋಡೆ ಕೊರೆಸಬೇಡಿ, ಬಿಳಿ ಕೇಸಿಂಗ್ ಪಟ್ಟಿಯಲ್ಲಿ ಹೊರಗಿನಿಂದಲೇ ಸಾಕು. ತಾರಸಿಗೆ ಒಂದೇ ತೂತು. ಎರಡು ಮೆಶ್ ಪೆಟ್ಟಿಗೆ, ನಡುವೆ ತಂತಿ. ಪೆಟ್ಟಿಗೆಯ ಕಿಂಡಿ ಗಿಗಾಬಿಟ್ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ, ನಾಳೆ ಸಂಪರ್ಕ ಹೆಚ್ಚಿಸಿದರೂ ನಡೆಯುತ್ತದೆ. ತಂತಿ ಕತ್ತರಿಸುವ ಮೊದಲು ಅಂಗಡಿಯಲ್ಲೇ ಒಂದು ಎಳೆ ಕೆರೆದು ನೋಡಿ. ಕೆರೆಯಲು ಬಿಡದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ರಾಜಾಜಿನಗರ, ಎರಡನೇ ಮಹಡಿ:
ಮೆಟ್ಟಿಲು ಏರುವ ಜಾಗ ತೆರೆದಿದ್ದರೆ ಮೊದಲು ತಂತಿಯಿಲ್ಲದೆ ಇಟ್ಟು ನೋಡಲಿ. 100ರ ಸಂಪರ್ಕಕ್ಕೆ 45 ಬಂದರೂ ಮಗಳ ಕೆಲಸ ನಡೆಯುತ್ತದೆ. ಎಲ್ಲರ ಮನೆಗೂ ತೂತು ಹೊಡೆಸುವ ಹಟ ಯಾಕೆ?

ತಾಮ್ರದ ತಂತಿ, ಮೈಸೂರು:
ಆಟಿಯ ಮಳೆಯಲ್ಲಿ ಮುರಕಲ್ಲು ನೀರು ಕುಡಿದಿರುತ್ತದೆ. ಒದ್ದೆ ಗೋಡೆ ಅಲೆಯನ್ನು ಇನ್ನಷ್ಟು ನುಂಗುತ್ತದೆ. ಮಾರ್ಚಿನಲ್ಲಿ ಬಂದ 45 ಜುಲೈಯಲ್ಲಿ ಬರುವುದಿಲ್ಲ. ಅದು ರಾಜಾಜಿನಗರದಲ್ಲಿ ಕುಳಿತವರಿಗೆ ಕಾಣುವುದಿಲ್ಲ.

ಗೋದಾಮು, ಸಾಗರ:
ಕರೆಂಟಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಫೈಬರ್ ಪೆಟ್ಟಿಗೆಗೆ ಒಂದು, ಪ್ರತಿ ಮೆಶ್ ಪೆಟ್ಟಿಗೆಗೆ ಒಂದು ಸಣ್ಣ ಯುಪಿಎಸ್ ಬೇಕು. ಚಾವಡಿಯಲ್ಲಿ ಮಾತ್ರ ಇಟ್ಟರೆ ಮೇಲಿನ ಪೆಟ್ಟಿಗೆ ಆರಿರುತ್ತದೆ. ನಾನು ಕೊಂಡದ್ದು ತಲಾ 1,450. ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ: ಕೆಲವಕ್ಕೆ 12 ವೋಲ್ಟ್, ಕೆಲವಕ್ಕೆ 9. ಪಿನ್ನು ಒಂದೇ ಥರ ಕಾಣುತ್ತದೆ, 9ರದ್ದಕ್ಕೆ 12 ಚುಚ್ಚಿದರೆ ಪೆಟ್ಟಿಗೆ ಸುಡಬಹುದು. ಇಡೀ ದಿನದ ಕತ್ತಲೆಗೆ ಇದು ಸಾಲುವುದಿಲ್ಲ, ಮನೆಯ ಇನ್ವರ್ಟರಿನ ಸಾಲಿಗೇ ಸೇರಿಸಬೇಕು.

ಗುಡುಗು ಶುರುವಾಗುವ ಮೊದಲೇ ಎದ್ದು ಹೋಗಿ ಪ್ಲಗ್ಗುಗಳನ್ನೇ ಕಿತ್ತಿಡಿ, ಶುರುವಾದ ಮೇಲೆ ಅವನ್ನು ಮುಟ್ಟಬೇಡಿ. ಸ್ವಿಚ್ ಆರಿಸಿದರೆ ಸಾಲದು.

ಮುರಕಲ್ಲಿನ ಮನೆ, ಪುತ್ತೂರು:
ಮೂರು ಪೆಟ್ಟಿಗೆಗಳ ಸೆಟ್ಟು ಬೇಡವೆಂದು ಅಂಗಡಿಗೆ ಹೇಳಿದೆ. ಎರಡು ಪೆಟ್ಟಿಗೆ, ಮೆಟ್ಟಿಲಿನ ಪಕ್ಕದಲ್ಲಿ ತಾಮ್ರದ ತಂತಿ, ಶೆಡ್ಡಿಗೆ ಫೈಬರ್. ಶೆಡ್ಡಿನ ಕ್ಯಾಮೆರಾಕ್ಕೆ ಲ್ಯಾನ್ ಕಿಂಡಿ ಇದೆ, ಅಲ್ಲಿಗೆ ಮೆಶ್ ಬೇಕಾಗುವುದಿಲ್ಲ. ಒಂದು ಎಳೆ ಕೆರೆದು ನೋಡಲೇ ಎಂದು ಕೇಳಿದ್ದಕ್ಕೆ ಅಂಗಡಿಯವರು ಮೊದಲು ತೆಗೆದಿಟ್ಟ ಸುರುಳಿಯನ್ನು ಒಳಗಿಟ್ಟು ಬೇರೆಯದನ್ನು ತಂದರು. ಅದು ಒಳಗೂ ಕೆಂಪಗಿದೆ, ಮೀಟರಿಗೆ 38. ಸಾಗರದವರೇ, ಫೈಬರಿನ ತುದಿಗೆ ಕನೆಕ್ಟರ್ ಕೂರಿಸಲು ನಿಮ್ಮಲ್ಲಿ ಎಷ್ಟು ತೆಗೆದುಕೊಂಡರು?

ಗೋದಾಮು, ಸಾಗರ:
ತುದಿಗೆ 250ರಂತೆ ಎರಡಕ್ಕೆ 500. ಎರಡೂ ತುದಿಗೆ ಕನೆಕ್ಟರ್ ಕೂರಿಸಿದ 50 ಮೀಟರಿನ ಸುರುಳಿಯೇ ಸಿಗುತ್ತದೆ, ಅದಾದರೆ ಆ ಖರ್ಚೂ ಇಲ್ಲ. ಪೈಪಿನ ಒಳ ಅಗಲ ಕನೆಕ್ಟರ್ ಹಾಯುವಷ್ಟು ಇರಲಿ.