ಕ್ಲಚ್ ಒತ್ತಿದರೂ ‘ಕ್ಲಚ್ ಒತ್ತಿ’ ಅನ್ನುವ ಗಾಡಿ: ನಿಮ್ಮ ಅನುಭವ ಹೇಳಿ

ಹಾಸನದಿಂದ ಪ್ರಶ್ನೆ: ನನ್ನದು 2017ರ ಡೀಸೆಲ್ ಗಾಡಿ, ಮ್ಯಾನುವಲ್, ಬಟನ್ ಸ್ಟಾರ್ಟ್. ಈಗೀಗ ಕ್ಲಚ್ ಪೂರ್ತಿ ಒತ್ತಿ ಬಟನ್ ಅದುಮಿದರೂ ಮೀಟರ್ ಬೋರ್ಡಿನಲ್ಲಿ ‘ಕ್ಲಚ್ ಒತ್ತಿ’ ಅಂತಲೇ ಬರುತ್ತದೆ. ಬಿಟ್ಟು ಬಿಟ್ಟು ಒತ್ತಿದರೆ ಯಾವಾಗಲೋ ಒಮ್ಮೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು. ಗ್ಯಾರೇಜಿನಲ್ಲಿ ಸ್ಟಾರ್ಟರ್ ಮೋಟರ್ ಬದಲಿಸಬೇಕು ಅಂತಿದ್ದಾರೆ. ಯಾರಿಗಾದರೂ ಹೀಗಾಗಿತ್ತಾ?

ಮೈಸೂರಿನಿಂದ: ಸರ್, ಸ್ಟಾರ್ಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೋಟರ್ ಹೋಗಿದ್ದರೆ ಆ ಮೆಸೇಜ್ ಬರಬೇಕಾಗಿಯೇ ಇರಲಿಲ್ಲ. ಕ್ಲಚ್ ಒತ್ತಿದ್ದು ಗಾಡಿಗೆ ಗೊತ್ತಾಗುತ್ತಿಲ್ಲ, ಅಷ್ಟೇ. ಅದನ್ನು ತಿಳಿಸುವುದು ಪೆಡಲ್ ಮೇಲ್ಗಡೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿರುವ ಒಂದು ಚಿಕ್ಕ ಸ್ವಿಚ್.

ಮೊದಲು ಮ್ಯಾಟ್ ತೆಗೆದು ನೋಡಿ. ಹೊರಗಡೆ ಹಾಕಿಸುವ ದಪ್ಪ 7ಡಿ ಮ್ಯಾಟ್ ಪೆಡಲ್ ಅಡಿಗೆ ಸಿಕ್ಕರೆ ಪೆಡಲ್ ಕೊನೆಯವರೆಗೂ ಹೋಗುವುದಿಲ್ಲ, ಸ್ವಿಚ್ ಒತ್ತುವುದೂ ಇಲ್ಲ. ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರುಗಳು ಬಿದ್ದಿವೆಯಾ ಅಂತಲೂ ನೋಡಿ. ಪೆಡಲ್ ಪಟ್ಟಿಯಲ್ಲಿ ಸ್ವಿಚ್ಚಿನ ಮೂತಿ ತಾಗುವ ಕಡೆ ಎಷ್ಟೋ ಗಾಡಿಗಳಲ್ಲಿ ಒಂದು ತೂತು ಇದ್ದು, ಅದಕ್ಕೆ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬಿರಡೆ ಹಾಕಿರುತ್ತಾರೆ. ವರ್ಷಗಳಾದ ಮೇಲೆ ಅದು ಒಣಗಿ ಪುಡಿಪುಡಿಯಾಗಿ ಬಿದ್ದುಹೋಗುತ್ತದೆ, ಮೂತಿ ಸೀದಾ ತೂತಿನೊಳಗೆ ತೂರಿಕೊಳ್ಳುತ್ತದೆ. ಸ್ವಿಚ್ ಚೆನ್ನಾಗಿಯೇ ಇದ್ದರೂ ಕೆಲಸ ಮಾಡುವುದಿಲ್ಲ. ನಮ್ಮ ಗಾಡಿಯಲ್ಲಿ ಆಗಿದ್ದು ಇದೇ, ಬರೀ ಬಿರಡೆ ಹಾಕಿದ ಮೇಲೆ ಸರಿಹೋಯಿತು.

ಬಿರಡೆ ಸರಿ ಇದ್ದರೆ ಮಲ್ಟಿಮೀಟರ್ (ಕರೆಂಟ್ ಹರಿಯುತ್ತದಾ ಅಂತ ನೋಡುವ ಮೀಟರ್) ತಗೊಳ್ಳಿ. ಗಾಡಿ ಆಫ್, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಸ್ವಿಚ್ಚಿನ ಕಪ್ಲರ್, ಅಂದರೆ ವೈರ್ ಸಿಕ್ಕಿಸುವ ಪ್ಲಗ್, ಬಿಚ್ಚಿ. ಎರಡೇ ಪಿನ್ ಇದ್ದರೆ ಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಎರಡೂ ಪಿನ್‌ಗೆ ಹಿಡಿದು, ಮೂತಿಯನ್ನು ಬೆರಳಿನಿಂದ ಒತ್ತಿ ಬಿಡಿ. ಕೆಲವು ಸ್ವಿಚ್ ಒತ್ತಿದಾಗ ಕೂಗುತ್ತವೆ, ಕೆಲವು ಬಿಟ್ಟಾಗ. ಯಾವುದಾದರೂ ಸರಿ, ಪ್ರತಿ ಸಲ ಒಂದೇ ಥರ ಬದಲಾಗಬೇಕು. ನಿಮ್ಮದು ಒಮ್ಮೆ ಆಗಿ ಒಮ್ಮೆ ಆಗದ ತೊಂದರೆ, ಹಾಗಾಗಿ ಒಂದು ಸಲ ಬೀಪ್ ಬಂತು ಅಂತ ನಿಲ್ಲಿಸಬೇಡಿ, ಒತ್ತುತ್ತಾ ಅಲುಗಾಡಿಸುತ್ತಾ ನೋಡಿ. ಕಪ್ಲರ್ ಒಳಗೆ ಹಸಿರು ಕಿಲುಬು ಇದ್ದರೆ ಅದನ್ನೂ ಕ್ಲೀನ್ ಮಾಡಿ. ಎರಡು ಸ್ವಿಚ್ ಇರುವ ಗಾಡಿಗಳೂ ಇವೆ. ಪೆಡಲ್ ತಳ ಮುಟ್ಟುವಾಗ ಒತ್ತುವುದು ಸ್ಟಾರ್ಟ್‌ಗೆ, ಕಾಲು ತೆಗೆದಾಗ ತಾಗಿಕೊಂಡಿರುವುದು ಸಾಮಾನ್ಯವಾಗಿ ಕ್ರೂಸ್‌ಗೆ (ಕಾಲಿಡದೆಯೂ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್).

ಹುಬ್ಬಳ್ಳಿಯಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಫೋಕ್ಸ್‌ವ್ಯಾಗನ್, ಸ್ಕೋಡಾದ ಎಷ್ಟೋ ಗಾಡಿಗಳಲ್ಲಿ ಮೂತಿ ಇರುವ ಸ್ವಿಚ್ ಇಲ್ಲ. ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳುವ ಕ್ಲಚ್ ಮಾಸ್ಟರ್ ಸಿಲಿಂಡರ್ ಮೇಲೆ ಹಾಲ್ ಸೆನ್ಸರ್ ಕೂತಿರುತ್ತದೆ, ಒಳಗಿನ ಅಯಸ್ಕಾಂತ ಎಲ್ಲಿದೆ ಅಂತ ಅದು ಓದುತ್ತದೆ. ಅದಕ್ಕೆ ಬೀಪ್ ಟೆಸ್ಟ್ ನಡೆಯಲ್ಲ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ, ಲೈವ್ ಡೇಟಾದಲ್ಲಿ ಕ್ಲಚ್ ಅನ್ನುವ ಸಾಲು ಕಾಲಿನ ಜೊತೆ ಬದಲಾಗುತ್ತಾ ನೋಡಬೇಕು. ಅದರಲ್ಲಿ ದೋಷದ ಕೋಡ್ ಪಿ0704 ಅಥವಾ ಪಿ0830 ಬಂದರೆ ಕ್ಲಚ್ ಸ್ವಿಚ್ಚಿನ ಸರ್ಕ್ಯೂಟ್ ಅಂತ ಅರ್ಥ, ಸ್ವಿಚ್ಚೇ ಹೋಗಿದೆ ಅಂತ ಅಲ್ಲ, ವೈರ್ ಕೂಡ ಇರಬಹುದು. ಕ್ರೂಸ್ ಸೆಟ್ ಆಗದೆ ಇರುವುದು, ಗೇರ್ ಬದಲಿಸುವಾಗ ಆರ್‌ಪಿಎಂ ಮೇಲೇ ನಿಲ್ಲುವುದು, ಇವೂ ಇದರದ್ದೇ ಲಕ್ಷಣ ಆಗಿರಬಹುದು. ಪೆಡಲ್ ರಾಡ್ ಹತ್ತಿರ ಎಣ್ಣೆಯ ಪಸೆ ಇದ್ದರೆ ಮಾತ್ರ ಸಿಲಿಂಡರ್ ಸೀಲ್ ಕಡೆ ಗಮನ ಕೊಡಿ.

ಶಿವಮೊಗ್ಗದಿಂದ: ಎಲೆಕ್ಟ್ರಿಷಿಯನ್ ಸ್ವಿಚ್ಚಿನ ಎರಡು ವೈರ್ ಸೇರಿಸಿ, ಕ್ಲಚ್ ಒತ್ತದೆಯೇ ಸ್ಟಾರ್ಟ್ ಆಗುವ ಹಾಗೆ ಬೈಪಾಸ್ ಮಾಡಿಕೊಡ್ತೀನಿ ಅಂದರೆ ದಯವಿಟ್ಟು ಒಪ್ಪಬೇಡಿ. ನಮ್ಮ ಭಾವ ಹಾಗೆ ಮಾಡಿಸಿದ್ದರು. ಗಾಡಿ ಫಸ್ಟ್ ಗೇರಿನಲ್ಲಿತ್ತು, ಅಕ್ಕನ ಮಗ ಎಸಿ ಹಾಕೋಣ ಅಂತ ಬಟನ್ ಒತ್ತಿದ, ಗಾಡಿ ಮುಂದಕ್ಕೆ ಜಿಗಿದು ಗೇಟಿಗೆ ಹೊಡೆಯಿತು. ಮುಂದೆ ಯಾರೂ ನಿಂತಿರಲಿಲ್ಲ, ಪುಣ್ಯ.

ಹೊಸ ಸ್ವಿಚ್ ಹಾಕುವಾಗ ಒಂದು ವಿಷಯ. ಮರೆ (ಥ್ರೆಡ್) ಮತ್ತು ಲಾಕ್‌ನಟ್ ಇರುವ ಥರದ್ದಾದರೆ ಹಳೆಯದನ್ನು ಬಿಚ್ಚುವ ಮೊದಲೇ ಎಷ್ಟು ಮರೆ ಹೊರಗೆ ಕಾಣುತ್ತದೆ ಅಂತ ಫೋಟೊ ತೆಗೆದುಕೊಳ್ಳಿ, ಹೊಸದನ್ನೂ ಅಷ್ಟಕ್ಕೇ ನಿಲ್ಲಿಸಿ. ತಾನೇ ಅಡ್ಜಸ್ಟ್ ಆಗುವ ಥರದ್ದಾದರೆ ಅದರ ಚೀಟಿಯಲ್ಲಿ ಪೆಡಲ್ ಹೇಗಿರಬೇಕು ಅಂತ ಬರೆದಿರುತ್ತದೆ, ಹಾಗೇ ಕೂರಿಸಿ, ಯಾಕಂದರೆ ಕೆಲವು ಒಂದೇ ಸಲ ಸೆಟ್ ಆಗುವಂಥವು. ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ವಿಚ್ ತರಿಸುವುದಾದರೆ ಚಾಸಿ ನಂಬರ್ ಮತ್ತು ಹಳೆ ಸ್ವಿಚ್ಚಿನ ಮೇಲಿನ ಪಾರ್ಟ್ ನಂಬರ್ ಎರಡನ್ನೂ ಕಳಿಸಿ. ನೋಡಲು ಬ್ರೇಕ್ ಸ್ವಿಚ್ ಥರಾನೇ ಇರುತ್ತದೆ, ಅದನ್ನೇ ಕೊಟ್ಟುಬಿಡುವ ಸಾಧ್ಯತೆ ಇದೆ.