ಪ್ರಾಣಿಹಕ್ಕಿನ ಮಾತಿಗೆ ಪುರಾಣಗಳೂ ಮತಧರ್ಮಗಳೂ ನಿಜವಾಗಿ ಮೂಲವೇ?

ಪ್ರಶ್ನೆ: ಬೆಣ್ಣೆನಗರಿಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ನಮ್ಮ ಚರ್ಚಾಸ್ಪರ್ಧೆಗೆ ಈ ಸಲ ‘ಪ್ರಾಣಿಹಕ್ಕುಗಳ ಬೇರು ಪ್ರಾಚೀನ ಪುರಾಣ ಮತ್ತು ಧರ್ಮಗಳಲ್ಲಿದೆ’ ಎಂಬ ವಿಷಯವನ್ನು ಇಟ್ಟಿದ್ದೇವೆ. ಪರವಾಗಿ ಮಾತನಾಡುವವರು ಅಶೋಕ, ಮಹಾವೀರ, ಬಸವಣ್ಣ ಎಂದು ಮೂರು ಹೆಸರು ಹೇಳಿ, ‘ದಯವೇ ಧರ್ಮದ ಮೂಲವಯ್ಯಾ’ ಎಂಬಲ್ಲಿಗೆ ಕೈಮುಗಿದು ಕುಳಿತುಬಿಡುತ್ತಾರೆ. ವಿರೋಧವಾಗಿ ಮಾತನಾಡುವವರು 1822ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ದನಕರುಗಳನ್ನು ಹಿಂಸಿಸುವುದರ ವಿರುದ್ಧ ಕಾಯಿದೆ ಮಾಡಿದ್ದನ್ನೂ 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿಹಿಂಸಾ ನಿವಾರಣಾ ಸಂಘ ಹುಟ್ಟಿದ್ದನ್ನೂ ಮುಂದಿಟ್ಟು, ಇದು ಪೂರ್ತಿ ಆಧುನಿಕ ವಿಚಾರ ಎನ್ನುತ್ತಾರೆ.

ಎರಡೂ ಕಡೆಯ ವಾದ ನನಗೆ ಸಾಲದು. ನಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿಯ ಜಾತ್ರೆ ನಡೆಯುತ್ತದೆ. ಜಾತ್ರೆ ಹತ್ತಿರ ಬಂದಾಗಲೆಲ್ಲ ಪ್ರಾಣಿಬಲಿ ನಿಷೇಧದ ಮಾತು ಏಳುತ್ತದೆ. ಹರಕೆಯ ಕುರಿ ತರುವವರೂ ಅದನ್ನು ಬೇಡವೆನ್ನುವವರೂ ಧರ್ಮದ ಹೆಸರಿನಲ್ಲಿಯೇ ಮಾತನಾಡುತ್ತಾರೆ. ಹೀಗಿರುವಾಗ ನನ್ನ ಪ್ರಶ್ನೆ ಇಷ್ಟು: ನಮ್ಮ ಹಳೆಯ ಕಥೆಗಳು, ಶಾಸನಗಳು ಪ್ರಾಣಿಯ ಮೇಲೆ ಮನುಷ್ಯ ತೋರಿಸಬೇಕಾದ ಕರುಣೆಯನ್ನು ಮಾತ್ರ ಹೇಳುತ್ತವೆಯೋ, ಅಥವಾ ಪ್ರಾಣಿಗೆ ತನ್ನದೇ ಆದ ನ್ಯಾಯವೊಂದು ಸಲ್ಲಬೇಕೆಂದು ಎಲ್ಲಾದರೂ ಒಪ್ಪುತ್ತವೆಯೋ? ಬಲ್ಲವರು ಆಧಾರ ಸಹಿತ ತಿಳಿಸಬೇಕಾಗಿ ವಿನಂತಿ.

ಉತ್ತರ: ಅಕ್ಷರಗುಂಡು (ಮೊಳಕಾಲ್ಮುರು)

ಮೇಡಂ, ಅಶೋಕನ ಹೆಸರು ಬಂದದ್ದರಿಂದ ನಮ್ಮ ತಾಲ್ಲೂಕಿನಿಂದಲೇ ಆರಂಭಿಸುತ್ತೇನೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಗೆ ಜನರು ಇಟ್ಟ ಹೆಸರನ್ನೇ ನಾನಿಲ್ಲಿ ಇಟ್ಟುಕೊಂಡಿದ್ದೇನೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆಯಲ್ಲಿ, ತಂದೆತಾಯಿಗಳ ಸೇವೆ ಮಾಡಬೇಕು, ಜೀವಿಗಳ ವಿಷಯದಲ್ಲಿ ದೃಢವಾದ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು ಎಂದಿದೆ. ಪ್ರಾಣಿಗಳ ಬಗ್ಗೆ ಬ್ರಹ್ಮಗಿರಿಯ ಬಂಡೆ ಹೇಳುವುದು ಇಷ್ಟೇ. ಬೇಟೆಯನ್ನೇ ನಿಷೇಧಿಸಿದ ಶಾಸನ ಇದು ಎಂದು ಉಬ್ಬಿಸಿ ಹೇಳುವವರ ಮಾತನ್ನು ನಿಮ್ಮ ವಿದ್ಯಾರ್ಥಿಗಳು ನಂಬದಿರಲಿ.

ಅವರಿಗೆ ಬೇಕಾದ ಸರಕು ಬೇರೆ ಕಡೆಯ ಶಾಸನಗಳಲ್ಲಿದೆ. ಮೊದಲನೆಯ ಪ್ರಧಾನ ಶಿಲಾಶಾಸನ ಪ್ರಾಣಿಬಲಿ ಕೂಡದೆಂದು ಸಾರಿ, ಒಡನೆಯೇ ಅರಮನೆಯ ಅಡುಗೆಮನೆಯ ಲೆಕ್ಕ ಒಪ್ಪಿಸುತ್ತದೆ. ಹಿಂದೆ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಮತ್ತು ಒಂದು ಜಿಂಕೆ ಮಾತ್ರ, ಜಿಂಕೆಯೂ ನಿತ್ಯವಲ್ಲ, ಮುಂದೆ ಈ ಮೂರೂ ಇರುವುದಿಲ್ಲ ಎಂದು ದೊರೆ ಬಂಡೆಯ ಮೇಲೆ ಬರೆಸುತ್ತಾನೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನ ಇನ್ನೂ ಖಚಿತವಾದುದು. ಗಿಳಿ, ಗೊರವಂಕ, ಬಾವಲಿಗಳಿಂದ ಹಿಡಿದು ಕೊಲ್ಲಬಾರದ ಜೀವಿಗಳ ಉದ್ದದ ಪಟ್ಟಿ ಅಲ್ಲಿದೆ. ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಬಾರದೆಂದಿದೆ. ಇಂತಿಂಥ ತಿಥಿಗಳಂದು ಹೋರಿ, ಹೋತ, ಟಗರುಗಳ ಬೀಜ ಒಡೆಯಬಾರದು, ಕುದುರೆ ಮತ್ತು ಎತ್ತುಗಳಿಗೆ ಬರೆ ಹಾಕಬಾರದು ಎಂದಿದೆ. ಇದರಲ್ಲಿ ನನಗೆ ಭಿಕ್ಷುವಿನ ಉಪದೇಶಕ್ಕಿಂತ ಕಚೇರಿಯ ಗುಮಾಸ್ತನ ದನಿ ಹೆಚ್ಚು ಕೇಳಿಸುತ್ತದೆ, ಮತ್ತು ಅದೇ ಕಾರಣಕ್ಕೆ ಇದು ಇಂದಿನ ಕಾಯಿದೆಗಳಿಗೆ ಹತ್ತಿರದ ಹಿರಿಯನೆಂದು ತೋರುತ್ತದೆ.

ಉತ್ತರ: ದುರ್ಗದ ವಕೀಲ

ಉಪನ್ಯಾಸಕಿಯವರು ಕೇಳಿದ್ದು ಕರುಣೆಯೋ ನ್ಯಾಯವೋ ಎಂದು. ಕಥೆಗಳನ್ನು ಓದುವಾಗ ನಾನು ನೋಡುವುದು ಒಂದೇ ವಿಷಯ: ಪ್ರಾಣಿ ಅಲ್ಲಿ ಮನುಷ್ಯನ ದಯೆಗೆ ಕಾದು ನಿಂತಿದೆಯೋ, ಫಿರ್ಯಾದುದಾರನಾಗಿ ಬಂದಿದೆಯೋ?

ಸಂಸ್ಕೃತ ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ, ಪೌಷ್ಯಪರ್ವದಲ್ಲಿ, ಜನಮೇಜಯನ ಯಾಗಶಾಲೆಗೆ ಒಂದು ನಾಯಿಮರಿ ಬರುತ್ತದೆ. ದೊರೆಯ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿಗೆ ಹೋಗುತ್ತದೆ. ನೀನು ಏನಾದರೂ ತಪ್ಪು ಮಾಡಿರಬೇಕು ಎಂದು ತಾಯಿ ಮೊದಲು ಮಗನನ್ನೇ ವಿಚಾರಿಸುತ್ತಾಳೆ. ಹವಿಸ್ಸನ್ನು ನೆಕ್ಕುವುದಿರಲಿ, ಅದರತ್ತ ನೋಡಲೂ ಇಲ್ಲವೆಂದು ಅದು ಹೇಳಿದ ಮೇಲೆಯೇ ಅವಳು ಯಾಗಶಾಲೆಗೆ ಬಂದು, ಅಪರಾಧವಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಬಾಯಿ ಬಿಡುವುದಿಲ್ಲ. ಕಾಣದ ಭಯವೊಂದು ನಿಮ್ಮನ್ನು ಮುತ್ತಲಿ ಎಂದು ಅವಳು ಶಪಿಸುತ್ತಾಳೆ, ಮತ್ತು ಅಷ್ಟು ದೊಡ್ಡ ದೊರೆ ಆ ಶಾಪದ ಪರಿಹಾರಕ್ಕಾಗಿ ಪುರೋಹಿತನನ್ನು ಹುಡುಕಿಕೊಂಡು ಅಲೆಯುತ್ತಾನೆ. ಸರಮೆ ಎಲ್ಲಿಯೂ ದಯೆ ಬೇಡಲಿಲ್ಲ. ಅವಳ ವಾದವೆಲ್ಲ ನಿಂತಿರುವುದು ಮಗ ನಿರಪರಾಧಿ ಎಂಬುದರ ಮೇಲೆ.

ಮುಂದೆ ಇದೇ ಜನಮೇಜಯ ಸರ್ಪಸತ್ರ ಮಾಡುತ್ತಾನೆ. ಒಂದು ಜಾತಿಯ ಪ್ರಾಣಿಯನ್ನೇ ಭೂಮಿಯ ಮೇಲಿಂದ ಅಳಿಸುವ ಯಾಗ ಅದು. ಭಾರತದ ಕಥೆಯನ್ನು ವೈಶಂಪಾಯನ ಹೇಳುವುದು ಆ ಯಾಗದ ಸಂದರ್ಭದಲ್ಲಿಯೇ, ಮತ್ತು ನಾಗಕನ್ಯೆಯ ಮಗನಾದ ಆಸ್ತೀಕ ವರ ಬೇಡಿ ಅದನ್ನು ನಿಲ್ಲಿಸುತ್ತಾನೆ. ಯುಧಿಷ್ಠಿರನ ನಾಯಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಅಲ್ಲಿ ಕೊನೆಗೆ ನಾಯಿ ನಾಯಿಯಾಗಿ ಉಳಿಯುವುದಿಲ್ಲ, ಧರ್ಮದೇವತೆಯಾಗಿಬಿಡುತ್ತದೆ. ನನ್ನನ್ನು ಕೇಳಿದರೆ ಸರಮೆಯ ಕಥೆಯೇ ಗಟ್ಟಿ.

ರಾಮಾಯಣದ ಉತ್ತರಕಾಂಡದಲ್ಲಿ, ಪ್ರಕ್ಷಿಪ್ತವೆಂದು, ಅಂದರೆ ಆಮೇಲೆ ಸೇರಿಸಿದ್ದೆಂದು, ಎಣಿಸುವ ಭಾಗದಲ್ಲಿ, ತಲೆ ಒಡೆದುಕೊಂಡ ನಾಯಿಯೊಂದು ರಾಮನ ಆಸ್ಥಾನಕ್ಕೆ ದೂರು ತರುತ್ತದೆ. ಹೊಡೆದ ಭಿಕ್ಷುವನ್ನು ಕರೆಸಿ ವಿಚಾರಿಸಲಾಗುತ್ತದೆ, ಅವನು ತಪ್ಪೊಪ್ಪಿಕೊಳ್ಳುತ್ತಾನೆ, ಆದರೆ ಬ್ರಾಹ್ಮಣನಿಗೆ ದಂಡನೆ ಇಲ್ಲವೆಂದು ಸಭೆ ಹೇಳುತ್ತದೆ. ಆಗ ನಾಯಿ, ಅವನನ್ನು ಕಾಲಂಜರದಲ್ಲಿ ಕುಲಪತಿಯಾಗಿ (ಮಠದ ಮುಖ್ಯಸ್ಥನಾಗಿ) ನೇಮಿಸಿ ಎಂದು ಕೇಳಿಕೊಳ್ಳುತ್ತದೆ. ತಾನೂ ಹಿಂದಿನ ಜನ್ಮದಲ್ಲಿ ಅದೇ ಪೀಠದಲ್ಲಿದ್ದು ಈ ಗತಿಗೆ ಬಂದೆನೆಂದು ಅದು ಕೊಡುವ ಕಾರಣವನ್ನು, ಇಷ್ಟೊಂದು ಮಠಗಳಿರುವ ನಮ್ಮ ಸೀಮೆಯಲ್ಲಿ ನಿಮ್ಮ ವಿದ್ಯಾರ್ಥಿಗಳು ವೇದಿಕೆಯ ಮೇಲೆ ಸ್ವಲ್ಪ ನೋಡಿಕೊಂಡು ಹೇಳಲಿ.

ಇನ್ನೊಂದು ಮಾತು. ಶಾಂತಿಪರ್ವದಲ್ಲಿ ತುಲಾಧಾರನೆಂಬ ಕಾಶಿಯ ವ್ಯಾಪಾರಿ ತಪಸ್ವಿ ಜಾಜಲಿಗೆ ಧರ್ಮ ಹೇಳುವಾಗ, ಎತ್ತುಗಳ ಬೀಜ ಒಡೆಯುವುದನ್ನೂ ಮೂಗು ಚುಚ್ಚುವುದನ್ನೂ ಭಾರ ಹೇರುವುದನ್ನೂ ನೇರವಾಗಿ ಖಂಡಿಸುತ್ತಾನೆ. ಮೂಗುದಾರ ಹಾಕುವುದು ಸರಿಯೇ ಎಂಬ ಪ್ರಶ್ನೆಯನ್ನು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಎತ್ತಿದರೆ ನಗುತ್ತಾರೆ.

ಉತ್ತರ: ಹರಿಹರದವನು

ವಕೀಲರ ಉದಾಹರಣೆಗಳು ಸೊಗಸಾಗಿವೆ, ಆದರೆ ಅವು ವಿರಳ. ಹೆಚ್ಚಿನ ಕಡೆ ಚಿಂತೆಯೆಲ್ಲ ಕೊಲ್ಲುವವನ ಆತ್ಮದ್ದು. ಇದಕ್ಕೆ ಕನ್ನಡದಲ್ಲಿಯೇ ಒಳ್ಳೆಯ ಸಾಕ್ಷಿ ಇದೆ. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರ ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪ ಹಿಂಸೆಗಾಗಿ ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ, ಮತ್ತೆ ಮತ್ತೆ ಪ್ರಾಣಿಜನ್ಮಗಳಲ್ಲಿ ಹುಟ್ಟಿ ಸಾಯುತ್ತಾರೆ. ಕೊಂದದ್ದು ಹಿಟ್ಟಿನ ಗೊಂಬೆಯನ್ನು. ಕೊಲ್ಲುವ ಮನಸ್ಸೇ ಅಲ್ಲಿ ಅಪರಾಧ. ಅಹಿಂಸೆಯ ದೃಷ್ಟಿಯಿಂದ ಇದು ಎಷ್ಟು ಸೂಕ್ಷ್ಮವೋ ಪ್ರಾಣಿಯ ಹಕ್ಕಿನ ದೃಷ್ಟಿಯಿಂದ ಅಷ್ಟೇ ತೊಡಕಿನದು, ಏಕೆಂದರೆ ಪ್ರಾಣಿಯಾಗಿ ಹುಟ್ಟುವುದನ್ನೇ ಕಥೆ ಶಿಕ್ಷೆಯಾಗಿ ಕಾಣಿಸುತ್ತದೆ.

ವಿರೋಧಪಕ್ಷದ ವಿದ್ಯಾರ್ಥಿಗಳಿಗೂ ಒಂದು ಎಚ್ಚರಿಕೆ. ಇಂಗ್ಲೆಂಡಿನ ಚಳವಳಿ ಧರ್ಮದಿಂದ ದೂರವಿತ್ತೆಂದು ಅವರು ತಿಳಿದಿದ್ದರೆ ಅದು ಸರಿಯಲ್ಲ. 1776ರಲ್ಲಿಯೇ ಪ್ರಾಣಿಗಳ ಮೇಲಿನ ಕ್ರೌರ್ಯ ಪಾಪವೆಂದು ಪುಸ್ತಕ ಬರೆದ ಹಂಫ್ರಿ ಪ್ರಿಮಾಟ್ ಒಬ್ಬ ಪಾದ್ರಿ. 1824ರ ಸಂಘವನ್ನು ಕಟ್ಟಲು ಮುಂದಾದ ಆರ್ಥರ್ ಬ್ರೂಮ್ ಕೂಡ ಪಾದ್ರಿಯೇ. ಅವರ ಜೊತೆಗಿದ್ದ ಲೂಯಿಸ್ ಗಾಂಪರ್ಟ್ಸ್ ಯೆಹೂದಿ. ದೇವರ ಮಾತನ್ನು ಬದಿಗಿಟ್ಟು, ಅವು ನೋವು ಉಣ್ಣಬಲ್ಲವೇ ಎಂಬುದೊಂದೇ ಪ್ರಶ್ನೆ ಎಂದು 1789ರಲ್ಲಿ ಕೇಳಿದವನು ಜೆರೆಮಿ ಬೆಂಥಮ್. ಇಂದಿನ ಹಕ್ಕಿನ ವಾದ ಹೆಚ್ಚಾಗಿ ಹೊರಟಿರುವುದು ಆ ಪ್ರಶ್ನೆಯಿಂದ.

ನಮ್ಮಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದಿಂದ ಬಂದ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವನ್ನೇ ನೋಡಿ. ಅವರು ಥಿಯಾಸಫಿಯ, ಅಂದರೆ ಎಲ್ಲ ಧರ್ಮಗಳ ತಿರುಳು ಒಂದೇ ಎನ್ನುವ ಪಂಥದ, ನಂಬಿಕೆಯಲ್ಲಿ ಬೆಳೆದವರು, ಆದುದರಿಂದ ಧರ್ಮವೇ ಈ ಕಾಯಿದೆಗೆ ಪ್ರೇರಣೆ ಎನ್ನಬಹುದು. ಅದೇ ಕಾಯಿದೆಯ 28ನೆಯ ಸೆಕ್ಷನ್, ಯಾವುದೇ ಸಮುದಾಯದ ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಪ್ರಾಣಿಯನ್ನು ಕೊಂದರೆ ಈ ಅಧಿನಿಯಮದಡಿ ಅದು ಅಪರಾಧವಲ್ಲ ಎನ್ನುತ್ತದೆ. ಬಾಗಿಲು ತೆರೆದದ್ದೂ ಧರ್ಮ, ಅಡ್ಡ ನಿಂತದ್ದೂ ಧರ್ಮ.

ಉತ್ತರ: ಚಳ್ಳಕೆರೆ ಸೀಮೆಯವನು

ಹಿರಿಯರೆಲ್ಲ ಗ್ರಂಥಗಳನ್ನು ನೋಡುತ್ತಿದ್ದೀರಿ. ನಮ್ಮ ಕಡೆ ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೇವರ ಹೆಸರಿಗೆ ಬಿಟ್ಟ ಈ ದನಗಳ ಹೆಗಲ ಮೇಲೆ ನೊಗ ಇಡುವುದಿಲ್ಲ, ಕಟುಕರಿಗೆ ಮಾರುವುದಿಲ್ಲ, ಸತ್ತರೆ ಪೂಜೆ ಮಾಡಿ ಹೂಳುತ್ತಾರೆ. ಕಾಯುವುದಕ್ಕೆ ಕಿಲಾರಿ ಎಂಬವನಿರುತ್ತಾನೆ. ಮಳೆ ಕೈಕೊಟ್ಟ ವರ್ಷ ಅವನು ಮಂದೆಯನ್ನು ಹೊಡೆದುಕೊಂಡು ಮೇವು ಇರುವ ಕಡೆಗೆ ಹೋಗುತ್ತಾನೆ. ಹೋಗಲಾಗದಿದ್ದರೆ ಹಟ್ಟಿಯವರು ಶೇಂಗಾ ಹೊಟ್ಟು, ಸಪ್ಪೆ ಹೊಂದಿಸಲು ಊರೂರು ತಿರುಗುತ್ತಾರೆ. ನಮ್ಮ ಹಟ್ಟಿಯ ರೊಪ್ಪದೊಳಗೆ (ದನದ ದೊಡ್ಡಿಯೊಳಗೆ) ಇವತ್ತಿಗೂ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ.

ಇದೇ ಜನ ಕುರಿಯನ್ನು ಕೊಯ್ಯುತ್ತಾರೆ ಎಂದು ಹರಿಹರದವರು ಕೇಳಬಹುದು. ನಿಜ, ಕೊಯ್ಯುತ್ತಾರೆ. ಆದರೂ ಒಂದು ಪ್ರಾಣಿಗೆ ದುಡಿಮೆಯಿಂದ ಬಿಡುಗಡೆ, ಮೇವಿಗೆ ನೆಲ, ಸತ್ತ ಮೇಲೆ ಮರ್ಯಾದೆ ಈ ಮೂರನ್ನೂ ಒಪ್ಪಿಕೊಂಡು ಅದಕ್ಕಾಗಿ ಮೈಮುರಿದು ದುಡಿಯುವ ಕಟ್ಟಳೆ, ಕೈಗೆ ಬಂದಷ್ಟು ತೋರಿಸುವ ಕರುಣೆಗಿಂತ ಬೇರೆಯದು. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲುಗಳ (ಅಮೃತಮಹಲ್ ತಳಿಯ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳ) ಸಾವಿರಾರು ಎಕರೆಯನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟಾಗ ದನ ಮೇಯುವ ನೆಲದ ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಹುಲ್ಲುಗಾವಲು ಹೋದ ಮೇಲೆ ದೇವರ ಎತ್ತಿಗೆ ಹಣೆಗೆ ಇಟ್ಟ ಕುಂಕುಮದಿಂದ ಹೊಟ್ಟೆ ತುಂಬುವುದಿಲ್ಲ.

ಬೆಣ್ಣೆನಗರಿಯ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ವಕೀಲರು ಹೇಳಿದ ಫಿರ್ಯಾದಿನ ದೃಷ್ಟಿಯಿಂದ ಓದಿದರೆ ಬಸವಣ್ಣನವರ ಇನ್ನೊಂದು ವಚನ ನೆನಪಾಗುತ್ತದೆ. ‘ಎಲೆ ಹೋತೇ ಅಳು ಕಂಡಾ’ ಎಂದು ಅವರು ಬಲಿಯ ಹೋತವನ್ನೇ ಉದ್ದೇಶಿಸಿ, ವೇದ ಓದಿದವರ ಮುಂದೆ, ಶಾಸ್ತ್ರ ಕೇಳಿದವರ ಮುಂದೆ ಅಳು ಎನ್ನುತ್ತಾರೆ; ನೀನು ಅತ್ತುದಕ್ಕೆ ತಕ್ಕುದನ್ನು ಕೂಡಲಸಂಗಮದೇವ ಮಾಡುತ್ತಾನೆ ಎಂದು ಮುಗಿಸುತ್ತಾರೆ. ಪರವಾದ ತಂಡಕ್ಕೆ ಇದನ್ನು ಸರಮೆಯ ಕಥೆಯ ಜೊತೆಗೆ ಕೊಡುತ್ತೇನೆ. ಒಂದು ಸಂದೇಹ ಉಳಿಯಿತು: 28ನೆಯ ಸೆಕ್ಷನ್ ಇರುವಾಗ ನಮ್ಮ ಜಾತ್ರೆಯಲ್ಲಿ ಬಲಿಯನ್ನು ತಡೆಯುವುದು ಯಾವ ಆಧಾರದ ಮೇಲೆ?

ದುರ್ಗದ ವಕೀಲ

ಅದು ಬೇರೆ ಕಾಯಿದೆ ಮೇಡಂ. ಕರ್ನಾಟಕದಲ್ಲಿ 1959ರ ಪ್ರಾಣಿಬಲಿ ತಡೆ ಅಧಿನಿಯಮವಿದೆ. ಸಾರ್ವಜನಿಕ ಪೂಜಾಸ್ಥಳ ಮತ್ತು ಅದರ ಆವರಣದಲ್ಲಿ ದೇವರಿಗೆಂದು ಬಲಿ ಕೊಡುವುದನ್ನು ಅದು ನಿಷೇಧಿಸುತ್ತದೆ. 28ನೆಯ ಸೆಕ್ಷನ್ನಿನ ವಿನಾಯಿತಿ ಕೇಂದ್ರದ 1960ರ ಅಧಿನಿಯಮದ ಮಟ್ಟಿಗೆ ಮಾತ್ರ, ರಾಜ್ಯದ ಕಾಯಿದೆಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಮೂಲ ಪ್ರಶ್ನೆಗೂ ಇಲ್ಲಿ ಸಂಬಂಧವಿದೆ. 1976ರ 42ನೆಯ ತಿದ್ದುಪಡಿ ಜೀವಿಗಳ ಮೇಲಿನ ಅನುಕಂಪವನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು, ಅಂದರೆ ಸಂವಿಧಾನ ಅದನ್ನು ನಮ್ಮ ಕರ್ತವ್ಯವೆಂದೇ ಬರೆದಿದೆ. ಸುಪ್ರೀಂ ಕೋರ್ಟಿನ 2014ರ ಜಲ್ಲಿಕಟ್ಟು ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರಾಣಿಗಳ ಘನತೆ ಮತ್ತು ಹಕ್ಕುಗಳ ಮಾತನ್ನೇ ಆಡಿತು. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಮ್ಮ ಕಂಬಳದ ತಿದ್ದುಪಡಿಯನ್ನೂ ಸೇರಿಸಿ ಇಂಥ ಆಟಗಳಿಗೆ ಅವಕಾಶ ಕೊಟ್ಟ ರಾಜ್ಯಗಳ ಕಾಯಿದೆಗಳನ್ನು ಎತ್ತಿಹಿಡಿದಾಗ, ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆಯೆಂದು ಹೇಳಲು ಒಪ್ಪಲಿಲ್ಲ. ವಿರೋಧಪಕ್ಷದ ತಂಡ ಈ ತೀರ್ಪನ್ನು ಖಂಡಿತ ಎತ್ತುತ್ತದೆ, ಪರವಾದ ತಂಡಕ್ಕೆ ಇದನ್ನು ಮೊದಲೇ ಓದಿಸಿಡಿ.